ಹಾಬಿ ಏನೋ ಸರಿ, ಪಾಠಕ್ಕೆ ಅದರಿಂದ ಏನು ಉಪಯೋಗ?

ನಾನು ಗಣಿತದ ಟೀಚರ್ ಆಗಲು ತರಬೇತಿ ಪಡೆಯುತ್ತಿದ್ದೇನೆ. ಇದು ಗೊತ್ತಾದ ಕೂಡಲೇ ಜನ "ಹಾಬಿ ಏನಮ್ಮ?" ಎಂದು ಕೇಳುತ್ತಾರೆ. "ಕಾಗದ ಮಡಚುತ್ತೇನೆ, ಒರಿಗಾಮಿ" ಅನ್ನುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಬರುತ್ತದೆ ಅಸಲಿ ಪ್ರಶ್ನೆ: "ಓ, ಹೌದಾ! ಪಾಠಕ್ಕೆ ಅದರಿಂದ ಏನು ಉಪಯೋಗ?"

ಕೆಲವರು ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. "ಒಳ್ಳೇದಾಯ್ತು ಬಿಡಿ, ಮಕ್ಕಳಿಗೆ ದೋಣಿ ಮಾಡಿಕೊಡಬಹುದು."

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಚಿಕ್ಕ ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು, ನಿಮಗ್ಯಾಕೆ?

ಒಬ್ಬ ಹಲ್ಲಿನ ಡಾಕ್ಟರಿಗೆ ಕೊಳಲು ನುಡಿಸುವ ಹುಚ್ಚು ಇದೆ ಅಂದುಕೊಳ್ಳಿ. "ಹಲ್ಲು ಕೀಳೋಕೆ ಕೊಳಲು ಹೇಗೆ ಸಹಾಯ ಆಗುತ್ತೆ ಡಾಕ್ಟ್ರೇ?" ಎಂದು ಯಾರಾದರೂ ಕೇಳುತ್ತಾರಾ? ಲೆಕ್ಕಪತ್ರ ನೋಡುವವರು ಗಿಡ ಬೆಳೆಸಿದರೆ ಅದು ಅವರ ಖುಷಿ. ಟೀಚರ್ ಆಗುವವಳು ಗಿಡ ಬೆಳೆಸಿದರೆ ಅದು ವಿಜ್ಞಾನದ ಪಾಠ. ಹಾಡಿದರೆ ಪ್ರಾರ್ಥನೆಗೆ ಬೇಕು. ಚಿತ್ರ ಬರೆದರೆ ಗೋಡೆಗೆ ಚಾರ್ಟ್ ಬೇಕು. ನಮ್ಮ ಭಾನುವಾರಕ್ಕೂ ಸೋಮವಾರದ ಕೆಲಸ ಹಚ್ಚಿಬಿಡುತ್ತಾರೆ.

ತರಬೇತಿಗೆ ಸೇರುವಾಗ ಕೊಟ್ಟ ಫಾರ್ಮಿನಲ್ಲೂ ಒಂದು ಕಾಲಂ ಇತ್ತು. "ಆಸಕ್ತಿ, ಹವ್ಯಾಸ ಮತ್ತು ಸೃಜನಶೀಲ ಹಿನ್ನೆಲೆ". ಬರೆಯಲು ಎರಡು ಗೆರೆ ಜಾಗ. ನನ್ನ ಹಿಂದೆ ಮುಂದೆ ಕೂತಿದ್ದವರೆಲ್ಲ ಓದುವುದು, ಹಾಡು ಕೇಳುವುದು, ಪ್ರವಾಸ ಎಂದು ಬರೆದರು. ಬುದ್ಧಿವಂತರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ಪೂರ್ತಿ ಹಿನ್ನೆಲೆ ಬೇಕೆಂದರೆ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಕವನ ಬರೆಯುತ್ತಿದ್ದೆ. ಅವು ಈಗ ಎಲ್ಲಿವೆ ಎಂದು ಕೇಳಬೇಡಿ. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಕಾಮಿಕ್ಸ್ ಬರೆಯುತ್ತಿದ್ದೆ. ಅದರಲ್ಲಿ ಎಲ್ಲರಿಗೂ ಒಂದೇ ಮೂಗು. ಎರಡು ವರ್ಷ ಹಾರ್ಮೋನಿಯಂ ಕಲಿತೆ, ಮನೆಯವರೇ ಕೈಮುಗಿದು ಬಿಡಿಸಿದರು. ಉಳಿದದ್ದು ಕಾಗದ ಒಂದೇ. ಅದಕ್ಕೆ ಸದ್ದಿಲ್ಲ, ಬಹುಶಃ ಅದಕ್ಕೇ ಉಳಿಯಿತು.

ಫಾರ್ಮಿನಲ್ಲಿ ಬರೆದದ್ದು ಸಂದರ್ಶನದಲ್ಲಿ ಮುಂದೆ ಬಂತು. ಮೇಜಿನ ಆಚೆ ಮೂವರು. ನಡುವೆ ಕೂತಿದ್ದವರು ಪ್ರಿಂಟರಿನಿಂದ ಒಂದು ಹಾಳೆ ಎಳೆದು ಕೊಟ್ಟರು. "ಏನಾದ್ರೂ ಮಾಡಿ ತೋರಿಸಿ, ನೋಡೋಣ."

ಕೊಕ್ಕರೆ ಮಾಡಲು ಹೊರಟೆ. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಅದನ್ನು. ಆದರೆ ಕೊಕ್ಕರೆಗೆ ಚೌಕ ಬೇಕು. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಒಂದು ಮೂಲೆಯನ್ನು ಓರೆಯಾಗಿ ಮಡಚಿ, ಮಿಕ್ಕ 87 ಮಿಲಿಮೀಟರ್ ಪಟ್ಟಿಯನ್ನು ತೆಗೆದುಹಾಕಬೇಕು. ಕತ್ತರಿ ಕೇಳಲು ಸಂಕೋಚ. ಉಗುರಿನಿಂದ ಗೆರೆ ತೀಡಿ ಹರಿದೆ. ಹರಿದದ್ದು ಸೊಟ್ಟ. ಚೌಕ ಎರಡು ಮಿಲಿಮೀಟರ್ ತಪ್ಪಿದರೆ ಮೊದಲ ಮಡಿಕೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಕೊಕ್ಕರೆಯ ಕತ್ತು ಎಳೆಯುವ ಹೊತ್ತಿಗೆ ಆ ತಪ್ಪೆಲ್ಲ ಒಂದೇ ಮೂಲೆಗೆ ಬಂದು ಸೇರಿರುತ್ತದೆ. ಕತ್ತು ದಪ್ಪ ಆಯಿತು, ಕೊಕ್ಕು ಬಾಯಿ ಬಿಟ್ಟುಕೊಂಡು ನಿಂತಿತು. ಮೇಜಿನ ಮೇಲಿಟ್ಟೆ.

"ಚೆನ್ನಾಗಿದೆ" ಅಂದರು ಎಡಗಡೆಯವರು. "ಬಾತುಕೋಳಿ, ಅಲ್ವಾ?"

ಹೌದು ಅಂದೆ. ಇನ್ನೇನು ಹೇಳಲಿ?

ಆಮೇಲೆ ಪ್ರಶ್ನೆ ಬಂತು. ಅದೇ ಪ್ರಶ್ನೆ. ಬಾತುಕೋಳಿಯ ಅವಮಾನ ಇನ್ನೂ ಆರಿರಲಿಲ್ಲ, ನಾನು ಶುರು ಹಚ್ಚಿಕೊಂಡೆ. ಕಿಂಡರ್‌ಗಾರ್ಟನ್ ಎಂಬ ಕಲ್ಪನೆಯನ್ನೇ ಕೊಟ್ಟ ಫ್ರೋಬೆಲ್ ಮಕ್ಕಳ ಕೈಗೆ ಮಡಚುವ ಕಾಗದ ಕೊಟ್ಟಿದ್ದರು ಸರ್. ಅದರಿಂದ ಪ್ರೇರಣೆ ಪಡೆದ ಸುಂದರರಾವ್ ಎನ್ನುವವರು 1893ರಲ್ಲಿ ಮದ್ರಾಸಿನಲ್ಲಿ ಕಾಗದ ಮಡಚಿ ರೇಖಾಗಣಿತ ಕಲಿಯುವುದರ ಬಗ್ಗೆ ಇಡೀ ಪುಸ್ತಕ ಬರೆದರು ಸರ್. ಇವತ್ತಿನ ಒರಿಗಾಮಿಗೆ ಹೊಸ ದಾರಿ ತೋರಿದ ಅಕಿರಾ ಯೋಶಿಝಾವಾ ಹುಡುಗನಾಗಿದ್ದಾಗ ಫ್ಯಾಕ್ಟರಿ ಕೆಲಸಗಾರ, ಕಿರಿಯ ಕೆಲಸಗಾರರಿಗೆ ರೇಖಾಗಣಿತ ಹೇಳಿಕೊಡಲು ಅವರು ಬಳಸಿದ್ದು ಕಾಗದವನ್ನೇ ಸರ್. ಕೈವಾರ ಮತ್ತು ಅಳತೆ ಗುರುತಿಲ್ಲದ ಪಟ್ಟಿಯಿಂದ ಎಲ್ಲ ಕೋನಗಳನ್ನೂ ಮೂರು ಸಮಪಾಲು ಮಾಡಲು ಬರುವುದಿಲ್ಲ, ಕಾಗದ ಮಡಚಿ ಮಾಡಬಹುದು ಸರ್. 1995ರಲ್ಲಿ ಜಪಾನಿನ ಉಪಗ್ರಹವೊಂದರ ಸೌರಫಲಕ, ಮಿಯುರಾ ಎಂಬ ಜಪಾನಿ ವಿಜ್ಞಾನಿ ಕಂಡುಹಿಡಿದ ಮಡಿಕೆಯಲ್ಲೇ ಬಿಚ್ಚಿಕೊಂಡಿತು ಸರ್.

ಉಸಿರು ತೆಗೆದುಕೊಂಡು ಇನ್ನೊಂದನ್ನೂ ಹೇಳಿದೆ. ಕಾಗದವನ್ನು ಏಳೆಂಟು ಸಲಕ್ಕಿಂತ ಜಾಸ್ತಿ ಅರ್ಧಕ್ಕೆ ಮಡಚಲು ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. 2002ರಲ್ಲಿ ಬ್ರಿಟ್ನಿ ಗ್ಯಾಲಿವನ್ ಎಂಬ ಹೈಸ್ಕೂಲ್ ಹುಡುಗಿ ಎಷ್ಟು ಉದ್ದದ ಕಾಗದ ಬೇಕು ಎಂಬುದಕ್ಕೆ ಸೂತ್ರ ಕಂಡುಹಿಡಿದು, ಸುಮಾರು 1.2 ಕಿಲೋಮೀಟರ್ ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಚಿ ತೋರಿಸಿದಳು. ಹನ್ನೆರಡನೇ ಸಲಕ್ಕೆ 4096 ಪದರ.

ಟಾಯ್ಲೆಟ್ ಪೇಪರ್ ಎಂಬ ಮಾತಿಗೆ ಬಲಗಡೆಯವರು ಪೆನ್ನು ಕೆಳಗಿಟ್ಟರು. ಉಳಿದಿಬ್ಬರು ಬರೆದುಕೊಂಡರು. ಸೀಟು ಸಿಕ್ಕಿತು.

ಹೊರಗೆ ಬಂದಾಗ ಖುಷಿ ಆಗಬೇಕಿತ್ತು. ಆಗಲಿಲ್ಲ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೂ ಏನೋ ಮಾರಿ ಬಂದ ಹಾಗಿತ್ತು. ನಾನು ಮಡಚಲು ಕೂತಾಗ ಫ್ರೋಬೆಲ್ ನೆನಪಾಗುವುದಿಲ್ಲ, ಉಪಗ್ರಹವೂ ನೆನಪಾಗುವುದಿಲ್ಲ. ಕೈಗೆ ಕೆಲಸ ಇರುತ್ತದೆ, ತಲೆ ಸುಮ್ಮನಿರುತ್ತದೆ, ಅಷ್ಟೇ. ಎರಡು ಗಂಟೆ ಕೂತು ಮಾಡಿದ್ದನ್ನು ಕೆಲವು ಸಲ ಬಿಚ್ಚಿ ಹಾಗೇ ಇಡುತ್ತೇನೆ. ಬಿಚ್ಚಿದ ಹಾಳೆ ಮೇಲಿನ ಗೆರೆಗಳು ನೋಡಲು ಚಂದ. ಇದಕ್ಕೆ ಪಾಠದಲ್ಲಿ ಏನು ಉಪಯೋಗ ಹೇಳಿ? ರಾಬರ್ಟ್ ಲ್ಯಾಂಗ್ ಎಂಬ ಭೌತವಿಜ್ಞಾನಿ 2001ರಲ್ಲಿ ಕೆಲಸ ಬಿಟ್ಟು ಪೂರ್ತಿಯಾಗಿ ಕಾಗದ ಮಡಚುವುದಕ್ಕೇ ನಿಂತುಬಿಟ್ಟರು. ಇದನ್ನು ಸಂದರ್ಶನದಲ್ಲಿ ಹೇಳಲಿಲ್ಲ. ಮನೆಯಲ್ಲೂ ಹೇಳಿಲ್ಲ.

ಇಷ್ಟು ಜನ ಇಷ್ಟು ಸಲ ಕೇಳಿದರಲ್ಲ, ಒಬ್ಬರಾದರೂ "ನಿಮಗೆ ಇದನ್ನು ಯಾರು ಕಲಿಸಿದ್ದು?" ಎಂದು ಕೇಳಲಿಲ್ಲ. ಟೀಚರ್ ಆಗುವವಳನ್ನು ಕೇಳಬೇಕಾದ್ದು ಇದನ್ನೇ ಅಲ್ವಾ? ಯಾರೂ ಕೇಳದಿದ್ದರೂ ಹೇಳುತ್ತೇನೆ.

ನನ್ನ ಅತ್ತೆ ಕಲಿಸಿದ್ದು, ಅಪ್ಪನ ತಂಗಿ. ನನಗಾಗ ಹತ್ತು ವರ್ಷ. ಕಾಲು ಮುರಿದು ಆರು ವಾರ ಪ್ಲಾಸ್ಟರ್ ಹಾಕಿದ್ದರು. ಅತ್ತೆಗೆ ಬರುತ್ತಿದ್ದದ್ದು ನಾಲ್ಕೇ ಆಕೃತಿ: ದೋಣಿ, ಟೋಪಿ, ಕಪ್ಪೆ, ಕೊಕ್ಕರೆ. ಮೊದಲ ದಿನ ಮಂಚದ ಎದುರಿಗೆ ಕುರ್ಚಿ ಹಾಕಿಕೊಂಡು ತೋರಿಸಿದರು. ಅವರ ಬಲ ನನಗೆ ಎಡ. ನಾನು ಎಲ್ಲವನ್ನೂ ಉಲ್ಟಾ ಮಡಚಿದೆ. ಮರುದಿನ ಅವರು ಏನೂ ಹೇಳದೆ ಕುರ್ಚಿ ಎಳೆದು ನನ್ನ ಪಕ್ಕಕ್ಕೆ ಹಾಕಿಕೊಂಡರು. ಆಮೇಲೆ ಯಾವತ್ತೂ ಎದುರಿಗೆ ಕೂರಲಿಲ್ಲ.

ಅವರದೊಂದು ಹಾಳೆ, ನನ್ನದೊಂದು ಹಾಳೆ. "ನಂದು ಹೀಗಿದೆ. ನಿಂದು ಹೇಗಿದೆ ತೋರಿಸು" ಅನ್ನುತ್ತಿದ್ದರು. ನನ್ನದು ಬೇರೆ ಥರ ಇದ್ದರೆ ತಪ್ಪು ಅನ್ನುತ್ತಿರಲಿಲ್ಲ. ತಮ್ಮ ಹಾಳೆಯನ್ನೇ ಬಿಚ್ಚುತ್ತಿದ್ದರು, ಒಂದೊಂದೇ ಮಡಿಕೆ, ಎರಡೂ ಒಂದೇ ಥರ ಕಾಣುವ ತನಕ. ಅಲ್ಲಿಂದ ಮತ್ತೆ ಇಬ್ಬರೂ ಹೊರಡುವುದು. ಕೊಕ್ಕರೆಗೆ ಎಂಟು ದಿನ ಹಿಡಿಯಿತು. ಅಷ್ಟು ದಿನದಲ್ಲಿ ಒಂದು ಸಲವೂ ಅವರು ನನ್ನ ಕೈಯಿಂದ ಕಾಗದ ತೆಗೆದುಕೊಳ್ಳಲಿಲ್ಲ. ಆಗ ಅದು ವಿಶೇಷ ಅನ್ನಿಸಿರಲಿಲ್ಲ. ಎಷ್ಟು ಕಷ್ಟ ಎಂದು ಗೊತ್ತಾದದ್ದು ಈ ವರ್ಷ.

ತರಬೇತಿಯಲ್ಲಿ ಅಭ್ಯಾಸದ ಪಾಠ ಮಾಡಬೇಕು. ನನಗೆ ಸಿಕ್ಕಿದ್ದು ಏಳನೇ ತರಗತಿ, 36 ಮಕ್ಕಳು, 40 ನಿಮಿಷ. ಹಿಂದಿನ ಬೆಂಚಿನಲ್ಲಿ ಅಂಕ ಕೊಡುವವರು ಕೂತಿದ್ದರು. "ಕಾಗದ ಬರುತ್ತಲ್ಲ, ಅದನ್ನೇ ಮಾಡು" ಎಂದು ಎಲ್ಲರೂ ಹೇಳಿದ್ದರು. ಕೋನವನ್ನು ಅರ್ಧ ಮಾಡುವ ಪಾಠ. ಕೊಕ್ಕರೆ ಮಡಚುತ್ತಾ ಹೋದರೆ 90 ಡಿಗ್ರಿ 45 ಆಗುತ್ತದೆ, 45 ಇಪ್ಪತ್ತೆರಡೂವರೆ ಆಗುತ್ತದೆ. ಯೋಜನೆ ಚೆನ್ನಾಗಿಯೇ ಇತ್ತು. ಎಲ್ಲರಿಗೂ ಎರಡೆರಡು ಎ4 ಹಾಳೆ, ಕೆಟ್ಟರೆ ಇನ್ನೊಂದು ಇರಲಿ ಎಂದು.

ನಾನು ನಿಂತದ್ದು ಎಲ್ಲಿ? ಎದುರಿಗೆ. ನನ್ನ ಬಲ ಅವರಿಗೆ ಎಡ.

ಕೋನದ ಮಾತೆಲ್ಲ ಮುಗಿದು ಕತ್ತು ಎಳೆಯುವ ಹೊತ್ತಿಗೆ ಉಳಿದದ್ದು ಏಳು ನಿಮಿಷ. ಎರಡನೇ ಸಾಲಿನ ಒಬ್ಬ ಹುಡುಗ ಕತ್ತನ್ನು ಹೊರಗಡೆಗೆ ಮಡಚಿಟ್ಟುಕೊಂಡಿದ್ದ. ಒಳಗೆ ಹೋಗಬೇಕಾದ ಮಡಿಕೆ ಅದು. ಎರಡು ಸಲ ಹೇಳಿದೆ. ಮೂರನೇ ಸಲ "ಕೊಡು ಇಲ್ಲಿ" ಎಂದು ಅವನ ಕೈಯಿಂದ ಎಳೆದುಕೊಂಡು, ಬಿಚ್ಚಿ, ತಿರುಗಿಸಿ, ಕತ್ತು ಬಾಲ ಎರಡೂ ಎಳೆದು, ರೆಕ್ಕೆ ಬಿಡಿಸಿ ಕೊಟ್ಟೆ. ಹತ್ತು ಸೆಕೆಂಡ್ ಹಿಡಿದಿರಬಹುದು. ಸಂದರ್ಶನದ ಬಾತುಕೋಳಿಗಿಂತ ಎಷ್ಟೋ ಚೆನ್ನಾಗಿ ಬಂದಿತ್ತು.

ಅದೇ ಹೊತ್ತಿಗೆ ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದ್ದಳು. ಅವಳು ಕೊಕ್ಕರೆಯನ್ನು ಪೂರ್ತಿ ಬಿಚ್ಚಿ ಚೌಕವನ್ನು ಹರಡಿಕೊಂಡಿದ್ದಳು. ಅದರ ಮೂಲೆಯಿಂದ ಮೂಲೆಗೆ ಹೋಗುವ ಮಡಿಕೆಯ ಮೇಲೆ, ಮುಟ್ಟದೆ ಉಳಿದ ಎರಡನೇ ಹಾಳೆಯ ಉದ್ದನೆಯ ಅಂಚು. "ಮಿಸ್, ಈ ಗೆರೆ, ಈ ಹಾಳೆ ಉದ್ದ, ಎರಡೂ ಒಂದೇ ಇದೆ."

"ಹೆಚ್ಚುಕಮ್ಮಿ ಇರಬಹುದು" ಅಂದೆ. ಕೊಕ್ಕರೆ ಮುಗಿಸಬೇಕಿತ್ತಲ್ಲ.

ರಾತ್ರಿ ಮಲಗಿದಾಗ ತಲೆಯಲ್ಲಿ ಲೆಕ್ಕ ಓಡಿತು. 210 ಮಿಲಿಮೀಟರ್ ಚೌಕದ ಕರ್ಣ 210 ಗುಣಿಸು 1.4142. ಅಂದರೆ 296.98. ಹಾಳೆಯ ಉದ್ದ 297. ಹೆಚ್ಚುಕಮ್ಮಿ ಅಲ್ಲ, ಅದು ಹಾಗೇ ಇರಬೇಕು. ಎ4 ಹಾಳೆಯ ಉದ್ದಕ್ಕೂ ಅಗಲಕ್ಕೂ ಇರುವ ಸಂಬಂಧವೇ ಎರಡರ ವರ್ಗಮೂಲ. ಅದಕ್ಕೇ ಅದನ್ನು ಅರ್ಧಕ್ಕೆ ಮಡಚಿದರೂ ಆಕಾರ ಬದಲಾಗುವುದಿಲ್ಲ. ಇದು ನನಗೆ ಗೊತ್ತಿತ್ತು. ಚೌಕದ ಕರ್ಣಕ್ಕೂ ಬದಿಗೂ ಇರುವ ಸಂಬಂಧವೂ ಎರಡರ ವರ್ಗಮೂಲ ಎಂಬುದೂ ಗೊತ್ತಿತ್ತು. ಹನ್ನೆರಡು ವರ್ಷ ಅದೇ ಗೆರೆಯನ್ನು ಉಗುರಿನಲ್ಲಿ ತೀಡಿದ್ದೇನೆ, ಒಂದನ್ನು ಇನ್ನೊಂದರ ಮೇಲೆ ಇಟ್ಟು ನೋಡಿರಲಿಲ್ಲ.

ಮರುದಿನ ಆ ಹುಡುಗಿಗೆ "ನೀನು ಹೇಳಿದ್ದು ಸರಿ" ಅಂದೆ.

"ನಾನು ಇಟ್ಟು ನೋಡೇ ಹೇಳಿದ್ದು ಮಿಸ್" ಅಂದಳು.

ಪಾಠ ಮುಗಿದ ಮೇಲೆ ಬಂದ ವರದಿಯನ್ನೂ ಹೇಳಬೇಕು. "ಹವ್ಯಾಸವನ್ನು ಬೋಧನೆಗೆ ಪರಿಣಾಮಕಾರಿಯಾಗಿ ಬಳಸಿಕೊಂಡಿದ್ದಾರೆ." ಒಳ್ಳೆಯ ಅಂಕ. ಹಾಗಾಗಿ ನಿಮ್ಮ ಪ್ರಶ್ನೆಗೆ ಅಧಿಕೃತ ಉತ್ತರ ಬೇಕಿದ್ದರೆ ತಗೊಳ್ಳಿ, ಉಪಯೋಗ ಇದೆ, ಲಿಖಿತವಾಗಿ ಇದೆ, ಸಹಿಯೂ ಇದೆ.

ಆದರೆ ಗಂಟೆ ಹೊಡೆದಾಗ ಏನಾಯಿತು ಎಂಬುದು ಆ ವರದಿಯಲ್ಲಿ ಇಲ್ಲ. ಮಕ್ಕಳೆಲ್ಲ ತಮ್ಮ ತಮ್ಮ ಹಕ್ಕಿ ಹಿಡಿದುಕೊಂಡು ಓಡಿದರು. ಕತ್ತು ಸೊಟ್ಟ ಇದ್ದವು, ರೆಕ್ಕೆ ಒಂದೇ ಇದ್ದವು, ಎಲ್ಲವೂ ಹೋದವು. ಎರಡನೇ ಸಾಲಿನಲ್ಲಿ ಒಂದು ಉಳಿಯಿತು. ಇಡೀ ಕ್ಲಾಸಿನಲ್ಲೇ ನೀಟಾಗಿದ್ದ ಕೊಕ್ಕರೆ.

"ಏಯ್, ನಿಂದು ಮರೆತು ಹೋದೆ ನೋಡೋ" ಎಂದು ಕೂಗಿದೆ.

ಅವನು ಬಾಗಿಲಲ್ಲಿ ನಿಂತು ತಿರುಗಿದ. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. "ಅದು ನಿಮ್ದು ಮಿಸ್. ನಾನು ಮಾಡಿದ್ದಲ್ಲ."

ಆ ಕೊಕ್ಕರೆ ನನ್ನ ಬ್ಯಾಗಿನಲ್ಲೇ ಇದೆ. ಕತ್ತಿನ ಬುಡ ನೋಡಿದರೆ ಅವನು ಹೊರಗಡೆಗೆ ಮಡಚಿದ ಗೆರೆ ಇನ್ನೂ ಕಾಣುತ್ತದೆ. ಕಾಗದದ ಮೇಲೆ ಒಮ್ಮೆ ಬಿದ್ದ ಗೆರೆ ಹೋಗುವುದಿಲ್ಲ, ಮೇಲೆ ಎಷ್ಟು ಚೆನ್ನಾಗಿ ಮಡಚಿದರೂ. ಅವನಿಗೆ ಹೊಸ ಹಾಳೆ ತಗೊಂಡು ಹೋಗಿ ಪಕ್ಕದಲ್ಲಿ ಕೂರಬೇಕು ಎಂದಿದ್ದೆ. ನನ್ನ ಅಭ್ಯಾಸದ ಅವಧಿ ಅದೇ ವಾರ ಮುಗಿದುಹೋಯಿತು.

ಅತ್ತೆಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಉಪಯೋಗದ ಮಾತೇ ಎತ್ತಲಿಲ್ಲ. ಹುಡುಗನ ಬಗ್ಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಈಗ ಏನು ಮಡಚ್ತಾ ಇದೀಯಾ?" ಎಂದು ಕೇಳಿದರು. ಜೀರುಂಡೆ ಅಂದೆ. ಒಂದೇ ಚೌಕ, ಕತ್ತರಿ ಇಲ್ಲ, ಆರು ಕಾಲು. ಒಂದೊಂದು ಕಾಲಿಗೂ ಬೇರೆ ಬೇರೆ ಮೂಲೆ ಹುಟ್ಟಿಸಬೇಕು, ಪದರದ ಮೇಲೆ ಪದರ ಬಂದು ಕಾಲುಗಳು ಕಂಬದ ಹಾಗೆ ಆಗಿವೆ ಎಂದೆ.

"ತೆಳ್ಳಗಿನ ಕಾಗದ ತಗೊಂಡಿದ್ಯಾ?"

"ಇಲ್ಲ ಅತ್ತೆ, ಪ್ರಿಂಟರಿದು."

"ಥೂ" ಅಂದರು.