ಯೂರಾಕುಚೋದಲ್ಲಿ ಏಳೂವರೆ ಸುತ್ತು

ಟೋಕಿಯೋದ ಯೂರಾಕುಚೋ ಸ್ಟೇಷನ್ ಎದುರು ಸಿನಿಮಾ ಥಿಯೇಟರ್ ಇರುವ ದೊಡ್ಡ ಕಟ್ಟಡವೊಂದಿದೆ. ಆಫೀಸಿನ ಹಿರಿಯ ಗೆಳತಿಯೊಬ್ಬರ ಜೊತೆ ಹೋಗಿದ್ದೆ. ಅವರು ಫುಟ್‌ಪಾತಿನಲ್ಲೇ ನಿಂತು, "ಮೊದಲು ಇಲ್ಲಿ ನಿಚಿಗೆಕಿ ಥಿಯೇಟರ್ ಇತ್ತು. 1941ರ ಫೆಬ್ರವರಿಯಲ್ಲಿ ಸಿನಿಮಾ ತಾರೆ ರಿ ಕೊರಾನ್ ಹಾಡ್ತಾರೆ ಅಂತ ಜನ ಅದರ ಸುತ್ತ ಏಳೂವರೆ ಸುತ್ತು ಕ್ಯೂ ನಿಂತಿದ್ರಂತೆ" ಅಂದರು.

ಸುಮ್ನೆ ಒಂದು ಸುತ್ತು ಹಾಕಿ ನೋಡೋಣ ಅಂತ ಹೊರಟೆವು. ಅರ್ಧ ದಾರಿಯಲ್ಲೇ ಅವರು ಗುಟ್ಟು ಬಿಟ್ಟುಕೊಟ್ಟರು. ಕ್ಯೂನಲ್ಲಿದ್ದ ಬಹಳಷ್ಟು ಜನ ಚೀನಾದ ಚೆಲುವೆ ಅಂದುಕೊಂಡಿದ್ದ ರಿ ಕೊರಾನ್ ಅಪ್ಪಟ ಜಪಾನಿ! ನಿಜವಾದ ಹೆಸರು ಯೋಶಿಕೋ ಯಾಮಾಗುಚಿ. ಹುಟ್ಟಿದ್ದು 1920ರಲ್ಲಿ, ಈಶಾನ್ಯ ಚೀನಾದ ಮಂಚೂರಿಯಾದಲ್ಲಿ. ಚೀನೀ ಭಾಷೆ ಚೆನ್ನಾಗಿ ಬರುತ್ತಿತ್ತು, ಕಂಠವೂ ಇತ್ತು. ಜಪಾನೀಯರ ಹಿಡಿತದಲ್ಲಿದ್ದ ಅಲ್ಲಿನ ಫಿಲ್ಮ್ ಕಂಪನಿ ಅವರನ್ನು ಚೀನೀ ತಾರೆಯೆಂದೇ ತೆರೆಗೆ ತಂದಿತು. 1940ರ ಒಂದು ಚಿತ್ರದಲ್ಲಿ ಜಪಾನಿ ನಾಯಕ ಕೆನ್ನೆಗೆ ಬಾರಿಸುತ್ತಾನೆ, ಚೀನೀ ಹುಡುಗಿ ಅವನನ್ನೇ ಪ್ರೀತಿಸುತ್ತಾಳೆ. ಚೀನಾದ ಜನಕ್ಕೆ ಮೈ ಉರಿಯದೇ ಇರುತ್ತದೆಯೇ?

ಯುದ್ಧದಲ್ಲಿ ಜಪಾನ್ ಸೋತಿತು. ಚೀನಾದವಳಾಗಿ ಶತ್ರುವಿಗೆ ದುಡಿದ ದೇಶದ್ರೋಹಿ ಎಂದು ಶಾಂಘೈನಲ್ಲಿ ಅವರ ಮೇಲೆ ಕೇಸು ಬಿತ್ತು. ಅಪರಾಧ ಸಾಬೀತಾದರೆ ಗುಂಡಿಗೆ ಬಲಿ. ಬಾಲ್ಯದ ರಷ್ಯನ್ ಗೆಳತಿ ಲ್ಯೂಬಾಳ ನೆರವಿನಿಂದ, ಬೀಜಿಂಗ್‌ನಲ್ಲಿದ್ದ ಅಪ್ಪ ಅಮ್ಮನ ಹತ್ತಿರವಿದ್ದ ಕುಟುಂಬ ದಾಖಲೆಯ ಪ್ರತಿ ಗೊಂಬೆಯೊಂದರೊಳಗೆ ಅಡಗಿಕೊಂಡು ಬಂತು. ಜಪಾನಿ ಎನ್ನಲು ಅದೇ ಸಾಕ್ಷಿ. 1946ರಲ್ಲಿ ಬಿಡುಗಡೆಯಾಯಿತು.

ನನಗೆ ಇಲ್ಲೇ ಮನಸ್ಸು ಸಿಕ್ಕಿಕೊಂಡಿತು. ಯಾಮಾಗುಚಿಗೆ ಪರಿಚಯವಿದ್ದ ಕವಾಶಿಮಾ ಯೋಶಿಕೋ ಚೀನಾದ ರಾಜಮನೆತನದ ಹುಡುಗಿ, ಜಪಾನಿನಲ್ಲಿ ಸಾಕುಮಗಳಾಗಿ ಬೆಳೆದವಳು. ಅವಳ ಪರವಾಗಿ ಅಂಥ ಕಾಗದ ಇರಲಿಲ್ಲ. ದೇಶದ್ರೋಹಿ ಎಂದು 1948ರಲ್ಲಿ ಗುಂಡಿಟ್ಟು ಕೊಂದರು.

"ಕಾಗದ ಇದ್ದವರು ಬದುಕಿಕೊಂಡರು, ಅಷ್ಟೇ ಅಲ್ವಾ?" ಅಂದೆ. ನನ್ನ ಮಾತು ಸ್ವಲ್ಪ ಖಾರವಾಗಿಯೇ ಇತ್ತು.

ಗೆಳತಿ ಒಪ್ಪಲಿಲ್ಲ. "ಬದುಕಿಕೊಂಡ ಮೇಲೆ ಏನು ಮಾಡಿದರು ಅಂತಾನೂ ನೋಡಬೇಕು" ಅಂದರು. ನಿರ್ದೇಶಕ ಕುರೊಸಾವಾ ಚಿತ್ರ, ಹಾಲಿವುಡ್, ಶಿಲ್ಪಿ ಇಸಾಮು ನೊಗುಚಿ ಜೊತೆ ಮದುವೆ, ವಿಚ್ಛೇದನ ಎಲ್ಲ ಒಂದೇ ಉಸಿರಿಗೆ ಮುಗಿಸಿಬಿಟ್ಟರು. ಅವರಿಗೆ ಹೇಳಬೇಕಿದ್ದದ್ದು ಆಮೇಲಿನದು. ಯಾಮಾಗುಚಿ ಟಿವಿ ನಿರೂಪಕಿಯಾಗಿ ಪ್ಯಾಲೆಸ್ಟೀನ್‌ಗೆ ಹೋಗಿ ವರದಿ ಮಾಡಿದರು. 1974ರಿಂದ 18 ವರ್ಷ ಸಂಸತ್ತಿನ ಮೇಲ್ಮನೆಯಲ್ಲಿದ್ದರು. ಜಪಾನಿ ಸೇನೆ ಲೈಂಗಿಕ ಗುಲಾಮರನ್ನಾಗಿ ಮಾಡಿದ್ದ ಹೆಂಗಸರಿಗಾಗಿ 1995ರಲ್ಲಿ ಶುರುವಾದ ನಿಧಿಯಲ್ಲೂ ದುಡಿದರು. ಹಳೆಯ ಚಿತ್ರಗಳ ಬಗ್ಗೆ ತನಗೆ ನಾಚಿಕೆಯಿದೆ ಎನ್ನಲು ಹಿಂಜರಿಯಲಿಲ್ಲ. 2014ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

"ನಮ್ಮಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮಧ್ಯಾಹ್ನ ಟಿವಿಯಲ್ಲಿ ಬರೋ ಹೆಂಗಸು ಅಂತಾನೇ ಅಂದುಕೊಂಡಿದ್ದರು" ಅಂತ ನಕ್ಕರು.