‘ದನ’ವೋ ‘ಧನ’ವೋ: ಅಗ್ಗದ 4ಕೆ ವೆಬ್‌ಕ್ಯಾಮ್ ಪರೀಕ್ಷೆ, ಕಲಬುರಗಿ

ಮೂರು ಸಾವಿರ ರೂಪಾಯಿಯೊಳಗೆ ಸಿಗುವ, ಪೆಟ್ಟಿಗೆಯ ಮೇಲೆ ‘4ಕೆ’ ಎಂದು ಅಚ್ಚಾದ ಯುಎಸ್‌ಬಿ ವೆಬ್‌ಕ್ಯಾಮ್ ಮನೆಯ ಕಂಪ್ಯೂಟರಿಗೆ ಎಷ್ಟರ ಮಟ್ಟಿಗೆ ಆಗಿಬರುತ್ತದೆ ಎಂದು ನೋಡುವುದು ಈ ಕೆಲಸ. ಬಳಕೆ ಎರಡು. ಒಂದು, ಪುಣೆ, ಹೈದರಾಬಾದುಗಳಲ್ಲಿರುವ ಮನೆಮಂದಿಯೊಂದಿಗೆ ವಿಡಿಯೊ ಕಾಲ್. ಇನ್ನೊಂದು, ಆನ್‌ಲೈನ್ ಪಾಠದಲ್ಲಿ ಪುಸ್ತಕದ ಪುಟ ತೋರಿಸುವುದು. ಮುಖ ಯಾವ ಕ್ಯಾಮೆರಾದಲ್ಲೂ ಮುಖದಂತೆ ಕಾಣುತ್ತದೆ. ಕನ್ನಡ ಪುಟ ಹಾಗಲ್ಲ. ‘ದನ’ ಮತ್ತು ‘ಧನ’ಕ್ಕೆ ಇರುವ ವ್ಯತ್ಯಾಸ ಅಕ್ಷರದ ಅಡಿಯ ಒಂದು ಸಣ್ಣ ಸೀಳು. ಆ ಸೀಳು ಆಚೆ ಕಡೆಯ ಪರದೆಯಲ್ಲಿ ಕಾಣಬೇಕು.

ಪರೀಕ್ಷೆಗೆ ಒಂದು ಎ4 ಹಾಳೆ ಅಚ್ಚು ಹಾಕಿಕೊಂಡಿದೆ. 10, 12, 14, 18 ಪಾಯಿಂಟ್ ಅಳತೆಗಳಲ್ಲಿ ಅದೇ ಪದಗಳು: ದನ–ಧನ, ಪಲ–ಫಲ, ಡ–ಢ, ಪ–ಷ, ಜೊತೆಗೆ ಎರಡೆರಡು ಒತ್ತು ಬರುವ ರಾಷ್ಟ್ರ, ಸ್ವಾತಂತ್ರ್ಯ, ವೈಶಿಷ್ಟ್ಯ. 12 ಪಾಯಿಂಟಿನಲ್ಲಿ ಗೆರೆಯ ದಪ್ಪ ಸುಮಾರು 0.3 ಮಿ.ಮೀ. ಮುಂದಿನ ಲೆಕ್ಕವೆಲ್ಲ ಈ 0.3ರ ಮೇಲೆಯೇ ನಿಂತಿದೆ.

ದಿನ 1: ಪಟ್ಟಿ ಮತ್ತು ಪೋರ್ಟು

ಕ್ಯಾಮೆರಾ ಯುವಿಸಿ ಪದ್ಧತಿಯದು, ಅಂದರೆ ಯುಎಸ್‌ಬಿ ಕ್ಯಾಮೆರಾಗಳಿಗೆಲ್ಲ ಸಾಮಾನ್ಯವಾದ ಮಾನಕದ್ದು. ಹಾಗಾಗಿ ವಿಂಡೋಸ್ ಮತ್ತು ಉಬುಂಟು ಎರಡರಲ್ಲೂ ಬೇರೆ ಡ್ರೈವರ್ ಬೇಕಾಗಲಿಲ್ಲ. ಪೆಟ್ಟಿಗೆಯಲ್ಲಿ ‘ಈ ಸಾಫ್ಟ್‌ವೇರ್ ಇಳಿಸಿಕೊಳ್ಳಿ’ ಎಂಬ ಚೀಟಿ ಇದ್ದರೂ ಇಳಿಸಿಕೊಳ್ಳಬೇಡಿ, ಅಗತ್ಯವಿಲ್ಲ. ಉಬುಂಟುವಿನಲ್ಲಿ ವಿ4ಎಲ್-ಯುಟಿಲ್ಸ್ (ಕ್ಯಾಮೆರಾದ ವಿವರ ನೋಡುವ ಸಲಕರಣೆ) ಹಾಕಿ ಕ್ಯಾಮೆರಾ ತಾನಾಗಿ ಹೇಳಿಕೊಳ್ಳುವ ಪಟ್ಟಿ ತೆಗೆದಾಗ ಕಂಡದ್ದು: ಎಂಜೆಪೆಗ್‌ನಲ್ಲಿ (ಪ್ರತಿ ಫ್ರೇಮನ್ನೂ ಜೆಪೆಗ್ ಚಿತ್ರವಾಗಿ ಒತ್ತಿ ಕುಗ್ಗಿಸುವ ರೂಪ) 3840×2160, 2560×1440, 1920×1080, 1280×720, ಎಲ್ಲವೂ ಸೆಕೆಂಡಿಗೆ 30 ಫ್ರೇಮ್. ಒತ್ತಿ ಕುಗ್ಗಿಸದ ವೈಯುವೈ2 ರೂಪದಲ್ಲಿ 640×480ಕ್ಕೆ ಮಾತ್ರ 30 ಫ್ರೇಮ್, 1920×1080ಕ್ಕೆ ಬರೇ 5.

ಈ 5 ಫ್ರೇಮ್ ದೋಷವಲ್ಲ, ತಂತಿಯ ಮಿತಿ. 1920×1080 ಚಿತ್ರಕ್ಕೆ ಪಿಕ್ಸೆಲ್ಲಿಗೆ 2 ಬೈಟ್‌ನಂತೆ 30 ಫ್ರೇಮ್ ಕಳಿಸಲು ಸೆಕೆಂಡಿಗೆ ಸುಮಾರು 124 ಎಂಬಿ ಬೇಕು. ಯುಎಸ್‌ಬಿ 2.0ರಲ್ಲಿ ವಿಡಿಯೊಗೆ ಮೀಸಲಿಡುವ ದಾರಿಯಲ್ಲಿ ಹೆಚ್ಚೆಂದರೆ ಸುಮಾರು 24 ಎಂಬಿ ಹೋಗುತ್ತದೆ. ಅದಕ್ಕೇ ದೊಡ್ಡ ಚಿತ್ರ ಬೇಕಿದ್ದರೆ ಎಂಜೆಪೆಗ್ ಆರಿಸಲೇಬೇಕು. ಕೆಲವು ಆ್ಯಪ್‌ಗಳು ತಾವಾಗಿ ವೈಯುವೈ2 ಆರಿಸಿಕೊಂಡುಬಿಡುತ್ತವೆ. ಕ್ಯಾಮೆರಾ ಹೊಸದು, ಚಿತ್ರ ಮಾತ್ರ ತಡವರಿಸುತ್ತದೆ ಎಂಬ ದೂರಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಒಬಿಎಸ್ ಸ್ಟುಡಿಯೊ ಎಂಬ ಉಚಿತ ವಿಡಿಯೊ ಸಾಫ್ಟ್‌ವೇರಿನಲ್ಲಿ ಅಳತೆಯನ್ನು ‘ಕಸ್ಟಮ್’ ಮಾಡಿ, ವಿಡಿಯೊ ಫಾರ್ಮ್ಯಾಟ್‌ನಲ್ಲಿ ಎಂಜೆಪೆಗ್ ಆರಿಸಿದರೆ ಸಾಕು.

ಪೋರ್ಟಿನ ಮಾತು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ 3 ಮೀಟರ್ ಎಕ್ಸ್‌ಟೆನ್ಷನ್ ಸೇರಿಸಿ ಹಾಕಿದಾಗ ಚಿತ್ರದ ಕೆಳಭಾಗ ಆಗಾಗ ಹಸಿರಾಗಿ ಹರಿಯಿತು. ವಿಡಿಯೊ ಹೋಗುವ ಈ ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ವ್ಯವಸ್ಥೆ ಇಲ್ಲ. ಒಂದು ತುಣುಕು ಕಳೆದರೆ ಆ ಫ್ರೇಮಿನ ಉಳಿದ ಭಾಗ ಹೋದಂತೆಯೇ. ಎಕ್ಸ್‌ಟೆನ್ಷನ್ ತೆಗೆದು, ಹಿಂದೆ ಮದರ್‌ಬೋರ್ಡಿನದೇ ಪೋರ್ಟಿಗೆ ನೇರ ಸೇರಿಸಿದ ಮೇಲೆ ಒಂದು ಗಂಟೆಯಲ್ಲಿ ಒಂದು ಫ್ರೇಮೂ ಕೆಡಲಿಲ್ಲ.

ದಿನ 2: 4ಕೆ ನಿಜವೋ, ಹಿಗ್ಗಿಸಿದ್ದೋ

ಹಾಳೆಯನ್ನು ಗೋಡೆಗೆ ಅಂಟಿಸಿ, ಹಗಲು ಬೆಳಕಿನಲ್ಲಿ 3840×2160ರಲ್ಲಿ ಒಂದು ಚಿತ್ರ. ಅದನ್ನು ಚಿತ್ರ ತಿದ್ದುವ ಗಿಂಪ್‌ನಲ್ಲಿ 2560×1440ಕ್ಕೆ ಇಳಿಸಿ, ಮತ್ತೆ 3840ಕ್ಕೆ ಏರಿಸಿ, ಮೂಲ ಚಿತ್ರದ ಮೇಲೆ ಇನ್ನೊಂದು ಪದರವಾಗಿಟ್ಟು ಪದರದ ಮೋಡನ್ನು ‘ಡಿಫರೆನ್ಸ್’ ಮಾಡಬೇಕು. ಮೂಲದಲ್ಲಿ ನಿಜವಾದ ಹೆಚ್ಚಿನ ವಿವರ ಇದ್ದಿದ್ದರೆ ಅಕ್ಷರಗಳ ಅಂಚುಗಳು ಬಿಳಿ ಗೆರೆಯಾಗಿ ಎದ್ದು ಕಾಣಬೇಕಿತ್ತು. ಕಂಡದ್ದು ಹೆಚ್ಚುಕಡಿಮೆ ಪೂರ್ತಿ ಕಪ್ಪು. ಅಲ್ಲಲ್ಲಿ ಜೆಪೆಗ್‌ನ ಚೌಕಳಿ ಮಾತ್ರ. ಅದೇ ಪರೀಕ್ಷೆಯನ್ನು 2560ರಿಂದ 1920ಕ್ಕೆ ಇಳಿಸಿ ಏರಿಸಿ ಮಾಡಿದಾಗ ಅಂಚುಗಳು ಸ್ಪಷ್ಟವಾಗಿ ಮೂಡಿದವು. ಅಂದರೆ ಈ ಕ್ಯಾಮೆರಾ ನಿಜವಾಗಿ ಕೊಡುವುದು 2560×1440, ಅದರ ಮೇಲಿನದು ಒಳಗೇ ಹಿಗ್ಗಿಸಿದ್ದು.

ಹಿಗ್ಗಿಸಿದ ಅಳತೆಯಿಂದ ಲಾಭವಿಲ್ಲ ಅಷ್ಟೇ ಅಲ್ಲ, ನಷ್ಟವೂ ಇದೆ. 24 ಎಂಬಿಯನ್ನು 30 ಫ್ರೇಮಿಗೆ ಹಂಚಿದರೆ ಫ್ರೇಮಿಗೆ ಸುಮಾರು 0.8 ಎಂಬಿ. 2560×1440ರ ಕಚ್ಚಾ ಫ್ರೇಮ್ 7.4 ಎಂಬಿ, ಅದನ್ನು ಒಂಬತ್ತನೇ ಒಂದು ಭಾಗಕ್ಕೆ ಒತ್ತಿದರೆ ಸಾಕು. 3840×2160ರದು 16.6 ಎಂಬಿ, ಇಪ್ಪತ್ತನೇ ಒಂದಕ್ಕೆ ಒತ್ತಬೇಕು. ಒತ್ತಕ್ಷರಗಳ ಸುತ್ತ ಮಸಿ ಹರಡಿದಂತೆ ಕಾಣುವುದು ಆ ಒತ್ತಡದಿಂದ. 4ಕೆ ಮೋಡನ್ನು ಇಲ್ಲಿಗೇ ಕೈಬಿಡಲಾಯಿತು. ಆದರೂ ಈ ಬೆಲೆಗೆ ನಿಜವಾದ 2560 ಸಿಕ್ಕಿದ್ದು ಒಳ್ಳೆಯದೇ. ಕೊಳ್ಳುವಾಗ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ.

ದಿನ 4: ಪಟ್ಟೆಗಳು

ಸಂಜೆ ದೀಪ ಹಾಕಿದ ಕೂಡಲೇ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಹರಿಯತೊಡಗಿದವು. ಕ್ಯಾಮೆರಾ 60 ಹರ್ಟ್ಸ್‌ಗೆ ಹೊಂದಿಸಿ ಬಂದಿತ್ತು. ನಮ್ಮ ಜೆಸ್ಕಾಂ ಲೈನು, ದೇಶದ ಎಲ್ಲ ಲೈನಿನಂತೆ, 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/30 ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ (ಒಂದು ಫ್ರೇಮಿಗೆ ಬೆಳಕು ಕೂಡಿಸಿಕೊಳ್ಳುವ ಅವಧಿ) ಮೂರು ಏರಿಳಿತ ಪೂರ್ತಿಯಾಗಿ, ನಾಲ್ಕನೆಯದರ ಒಂದು ಚೂರು ಸೇರಿಕೊಳ್ಳುತ್ತದೆ. ಆ ಚೂರೇ ಪಟ್ಟೆ.

ವಿಂಡೋಸ್‌ನಲ್ಲಿ: ಒಬಿಎಸ್‌ನ ಕ್ಯಾಮೆರಾ ಗುಣಲಕ್ಷಣದಲ್ಲಿ ‘ಕಾನ್ಫಿಗರ್ ವಿಡಿಯೊ’ ಒತ್ತಿ, ‘ಪವರ್‌ಲೈನ್ ಫ್ರೀಕ್ವೆನ್ಸಿ’ಯನ್ನು 50 ಮಾಡಬೇಕು. ಎಕ್ಸ್‌ಪೋಷರ್ ಆಟೋದಲ್ಲೇ ಇರಲಿ. ಯಾಕೆಂದರೆ ವಿಂಡೋಸ್‌ನ ಕೈಹೊಂದಿಕೆ ಎರಡರ ಘಾತದಲ್ಲಿ ನಡೆಯುತ್ತದೆ: ‘ಮೈನಸ್ 5’ ಅಂದರೆ 1/32 ಸೆಕೆಂಡ್, ‘ಮೈನಸ್ 6’ ಅಂದರೆ 1/64. ಇವೆರಡೂ ನಮ್ಮ ದೀಪದ ಲಯಕ್ಕೆ ಕೂಡುವುದಿಲ್ಲ. ಉಬುಂಟುವಿನಲ್ಲಿ ಎಕ್ಸ್‌ಪೋಷರ್‌ನ ಮಾನ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ, ಅಲ್ಲಿ 200 ಎಂದಿಟ್ಟರೆ ನೇರ 1/50 ಸೆಕೆಂಡ್. ಪಟ್ಟೆ ಮಾಯ.

ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಿದ್ದಾಗ ಪಟ್ಟೆ ಮತ್ತೆ ಬಂತು, ಈ ಸಲ ನಿಧಾನವಾಗಿ ತೆವಳುತ್ತ. ಅಗ್ಗದ ಇನ್ವರ್ಟರ್‌ನ ಆವರ್ತನ 50ಕ್ಕೆ ಕರಾರುವಾಕ್ಕಾಗಿ ನಿಲ್ಲದಿದ್ದರೆ ಹೀಗಾಗುತ್ತದೆ, ಕ್ಯಾಮೆರಾದಲ್ಲಿ ಪರಿಹಾರವಿಲ್ಲ. ದೀಪವನ್ನೇ ಬದಲಿಸಬೇಕು. ಮೇಜಿನ ಅಗ್ಗದ ಬಲ್ಬಿನ ಜಾಗದಲ್ಲಿ ಒಳಗೆ ಸ್ಥಿರ ಕರೆಂಟಿನ ಡ್ರೈವರ್ ಸರ್ಕ್ಯೂಟ್ ಇರುವ 9 ವ್ಯಾಟ್ ಎಲ್‌ಇಡಿ ಹಾಕಿದಾಗ ಇನ್ವರ್ಟರ್ ಮೇಲೂ ಪಟ್ಟೆ ಕಾಣಲಿಲ್ಲ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಫೋನಿನ ಸ್ಲೋ ಮೋಷನ್ ಕ್ಯಾಮೆರಾವನ್ನು ಉರಿಯುವ ಬಲ್ಬಿಗೆ ಹಿಡಿದು ನೋಡಿ, ಮಿನುಗಿದರೆ ಬೇಡ. ಹಳೆಯ ತಾಮ್ರದ ಚೋಕಿನ ಟ್ಯೂಬ್‌ಲೈಟೂ ಮಿನುಗುತ್ತದೆ.

ದಿನ 5: ಬೆಳಕು

‘ಲೋ ಲೈಟ್ ಕಾಂಪನ್ಸೇಷನ್’ ಟಿಕ್ ಇದ್ದರೆ ಕತ್ತಲಾದಂತೆ ಕ್ಯಾಮೆರಾ 30 ಫ್ರೇಮಿನಿಂದ 15ಕ್ಕೆ ಇಳಿದು ಬೆಳಕು ಕೂಡಿಸಿಕೊಳ್ಳುತ್ತದೆ. ಕೈ ಆಡಿಸಿದರೆ ಹೊಗೆಯಂತೆ ಎಳೆಯುತ್ತದೆ. ಟಿಕ್ ತೆಗೆದು, ಬದಲಿಗೆ ನಿಜವಾದ ಬೆಳಕು ಕೊಡಬೇಕು. ಮುಖಕ್ಕೆ ಬಲ್ಬನ್ನು ನೇರ ಹಿಡಿಯದೆ ಸುಣ್ಣ ಬಳಿದ ಎದುರು ಗೋಡೆಗೆ ತಿರುಗಿಸಿದಾಗ ಬೆಳಕು ಮೃದುವಾಯಿತು. ಗೋಡೆ ದೂರವಿದ್ದರೆ ಸ್ಟೇಷನರಿ ಅಂಗಡಿಯ ಒಂದು ಥರ್ಮಾಕೋಲ್ ಹಾಳೆ ಅದೇ ಕೆಲಸ ಮಾಡುತ್ತದೆ.

ನಮ್ಮ ಕಡೆಯ ಮನೆಗಳಿಗೇ ಸೇರಿದ ಒಂದು ತೊಡಕು: ನೆಲಕ್ಕೆ ಹಾಸಿದ ಶಹಾಬಾದಿ ಫರಸಿ. ಬಾಗಿಲಿನ ಬಿಸಿಲು ಆ ಬೂದುನೀಲಿ ಕಲ್ಲಿನ ಮೇಲೆ ಬಿದ್ದು ಕೆಳಗಿನಿಂದ ಪುಟಿಯುತ್ತದೆ. ಗದ್ದದ ಕೆಳಗೆ ತಣ್ಣನೆಯ ನೀಲಿ ಛಾಯೆ, ಹಣೆಯ ಮೇಲೆ ಬಲ್ಬಿನ ಹಳದಿ, ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಎರಡರ ನಡುವೆ ಓಲಾಡುತ್ತದೆ. ಕುರ್ಚಿಯ ಮುಂದೆ ಒಂದು ಚಾಪೆ ಹಾಸಿ, ವೈಟ್ ಬ್ಯಾಲೆನ್ಸ್ ಆಟೋ ತೆಗೆದು ಬಿಳಿ ಹಾಳೆ ಬಿಳಿಯಾಗಿ ಕಾಣುವಲ್ಲಿಗೆ ನಿಲ್ಲಿಸಿದ್ದಾಯಿತು.

ಮೈಕು: ಫ್ಯಾನ್ 5ರಲ್ಲಿ ತಿರುಗುವಾಗ ಒಳಮೈಕು ಕೆಲಸಕ್ಕೆ ಬರುವುದಿಲ್ಲ. ಇಯರ್‌ಫೋನ್ ಮೈಕು ಬಳಸಿ.

ದಿನ 8: ಪುಟ, ಪಿಕ್ಸೆಲ್, ಲೆನ್ಸ್ ತಿರುವು

ಕ್ಯಾಮೆರಾದ ನೋಟ ಮೂಲೆಯಿಂದ ಮೂಲೆಗೆ 78 ಡಿಗ್ರಿ. ಮುಖಕ್ಕೆ 70 ಸೆಂ.ಮೀ. ದೂರದಲ್ಲಿ ಕೂತರೆ ಸುಮಾರು 99 ಸೆಂ.ಮೀ. ಅಗಲ ಹಿಡಿಯುತ್ತದೆ. ಪುಟಕ್ಕಾಗಿ ಕ್ಯಾಮೆರಾವನ್ನು ಸಣ್ಣ ಟ್ರೈಪಾಡ್‌ಗೆ ಹಾಕಿ ಕೆಳಮುಖ ಮಾಡಿ, 27 ಸೆಂ.ಮೀ. ಎತ್ತರದಲ್ಲಿ ನಿಲ್ಲಿಸಿದರೆ ಚೌಕಟ್ಟು ಸುಮಾರು 38×21.4 ಸೆಂ.ಮೀ. ಅಡ್ಡ ಇಟ್ಟ ಎ4 ಹಾಳೆ ಸರಿಯಾಗಿ ಕೂರುತ್ತದೆ.

ಈಗ ಆ 0.3 ಮಿ.ಮೀ. ಗೆರೆ. 1280 ಪಿಕ್ಸೆಲ್ ಅಗಲದಲ್ಲಿ ಒಂದು ಪಿಕ್ಸೆಲ್‌ಗೆ 0.3 ಮಿ.ಮೀ. ಬರುತ್ತದೆ: ಗೆರೆಗೆ ಒಂದೇ ಪಿಕ್ಸೆಲ್, ‘ಧ’ದ ಸೀಳು ಮುಚ್ಚಿಹೋಗುತ್ತದೆ. 1920ರಲ್ಲಿ ಒಂದೂವರೆ. 2560ರಲ್ಲಿ ಎರಡು. ಎರಡು ಪಿಕ್ಸೆಲ್ ಸಿಕ್ಕಾಗ ಸೀಳೂ ಒತ್ತೂ ಬಿಡಿಸಿಕೊಂಡು ನಿಲ್ಲುತ್ತವೆ. ಹೆಚ್ಚಿನ ರೆಸಲ್ಯೂಷನ್‌ಗೆ ಹಣ ಕೊಡುವುದು ಸಾರ್ಥಕವಾಗುವ ಜಾಗ ಇದೊಂದೇ.

ಆದರೆ ಇದೆಲ್ಲ ಫೋಕಸ್ ಇದ್ದರೆ. ಇದು ಸ್ಥಿರ ಫೋಕಸ್ಸಿನ ಲೆನ್ಸು, ಮುಖದ ದೂರಕ್ಕೆ ಹೊಂದಿಸಿ ಅಂಟು ಹಾಕಿದ್ದು. 27 ಸೆಂ.ಮೀ.ಗೆ ಅಕ್ಷರ ಮಸುಕು. ಲೆನ್ಸನ್ನೇ ತಿರುಗಿಸಬೇಕು (ವಾರಂಟಿ ಹೋಗುತ್ತದೆ, ನೆನಪಿರಲಿ). ಮುಂದಿನ ಪ್ಲಾಸ್ಟಿಕ್ ಬಳೆಯನ್ನು ತೆಳ್ಳನೆಯ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ, ಲೆನ್ಸಿನ ಅಂಚಿನ ಅಂಟಿನ ಹನಿಯನ್ನು ಸೂಜಿಯಿಂದ ಚೂರುಚೂರಾಗಿ ಬಿಡಿಸಿ, ಅಪ್ರದಕ್ಷಿಣವಾಗಿ ತಿರುಗಿಸಬೇಕು. ಎಷ್ಟು? ಫೋಕಲ್ ಉದ್ದ ಸುಮಾರು 4 ಮಿ.ಮೀ. ಇದ್ದರೆ, ಒಂದು ಮೀಟರಿನಿಂದ 27 ಸೆಂ.ಮೀ.ಗೆ ಬರಲು ಲೆನ್ಸ್ 0.044 ಮಿ.ಮೀ. ಮಾತ್ರ ಮುಂದೆ ಬರಬೇಕು. ಲೆನ್ಸಿನ ಎಂ12 ಅಳತೆಯ ತಿರುಪಿನ ಮರೆಯಲ್ಲಿ ಒಂದು ಪೂರ್ತಿ ಸುತ್ತಿಗೆ 0.5 ಮಿ.ಮೀ. ಅಂದರೆ ಸುಮಾರು 30 ಡಿಗ್ರಿ, ಗಡಿಯಾರದ ಮುಖದ ಮೇಲೆ ಒಂದು ಅಂಕಿಯಿಂದ ಪಕ್ಕದ ಅಂಕಿಗೆ ಹೋದಷ್ಟು. ಇಕ್ಕಳ ಹಿಡಿದು ಜೋರು ಮಾಡಿದರೆ ಅಂಟಿನ ಪುಡಿ ಒಳಗೆ ಸೆನ್ಸರ್ ಮೇಲೆ ಬೀಳುತ್ತದೆ. ಕ್ಯಾಮೆರಾವನ್ನು ಲೆನ್ಸ್ ಕೆಳಮುಖವಾಗಿಯೇ ಹಿಡಿದು ಕೆಲಸ ಮಾಡಿ.

ತಿರುಗಿಸಿದ ಮೇಲೆ ಸುಮಾರು 24ರಿಂದ 31 ಸೆಂ.ಮೀ.ವರೆಗೆ ಚೊಕ್ಕಟ. ದಪ್ಪ ಪುಸ್ತಕಕ್ಕೂ ಸಾಕು. ಆಗ 70 ಸೆಂ.ಮೀ.ನಲ್ಲಿರುವ ಮುಖ ಮಸುಕಾಗುತ್ತದೆ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಲೆನ್ಸಿನ ಅಂಚಿನ ಮೇಲೆ ನೇಲ್ ಪಾಲಿಶ್‌ನ ಒಂದು ಚುಕ್ಕೆ, ಎದುರಿನ ಹೊದಿಕೆಯ ಮೇಲೆ ‘ಮುಖ’, ‘ಪುಟ’ ಎಂದು ಎರಡು ಚುಕ್ಕೆ ಇಟ್ಟರೆ ಬೆರಳಿನಿಂದಲೇ ಬದಲಿಸಬಹುದು. ಆಟೋಫೋಕಸ್ ಇದ್ದಿದ್ದರೆ ಎನ್ನಬಹುದು. ಪಾಠ ಹೇಳುವಾಗ ಪೆನ್ನು ಹಿಡಿದ ಕೈ ಪುಟದ ಮೇಲೆ ಓಡಾಡಿದಂತೆಲ್ಲ ಅದು ಹುಡುಕಾಡುತ್ತದೆ. ಪುಟಕ್ಕೆ ಸ್ಥಿರ ಫೋಕಸ್ಸೇ ಮೇಲು.

ದಿನ 9: ಆಚೆ ಕಡೆಯ ಪರದೆ

ವಿಡಿಯೊ ಕಾಲ್ ಆ್ಯಪ್‌ಗಳು ಸಾಮಾನ್ಯವಾಗಿ 720ರ ಮಟ್ಟಕ್ಕೆ ಇಳಿಸಿಯೇ ಕಳಿಸುತ್ತವೆ. ಹಾಗಾಗಿ ಪೂರ್ತಿ ಪುಟ ಕಳಿಸಿದಾಗ 12 ಪಾಯಿಂಟಿನ ‘ಧನ’ ಆಚೆ ಕಡೆ ಮತ್ತೆ ‘ದನ’ವಾಯಿತು. ದಾರಿ ಇದು: ಒಬಿಎಸ್‌ನಲ್ಲಿ ಕ್ಯಾಮೆರಾ 2560×1440, ಕ್ಯಾನ್ವಾಸ್ (ಆಚೆ ಕಳಿಸುವ ಚೌಕಟ್ಟು) 1280×720. ಚಿತ್ರವನ್ನು ಕುಗ್ಗಿಸದೆ ಹಾಗೇ ಇಟ್ಟರೆ ಪುಟದ ಕಾಲು ಭಾಗ ಪೂರ್ಣ ವಿವರದೊಂದಿಗೆ ತುಂಬುತ್ತದೆ. ಪೂರ್ತಿ ಪುಟಕ್ಕೆ ಒಂದು ಸೀನ್, ನಾಲ್ಕು ಕಾಲುಭಾಗಕ್ಕೆ ನಾಲ್ಕು ಸೀನ್ ಮಾಡಿ, ಒಂದೊಂದಕ್ಕೂ ಹಾಟ್‌ಕೀ ಕೊಟ್ಟು, ‘ವರ್ಚುವಲ್ ಕ್ಯಾಮೆರಾ’ ಶುರುಮಾಡಿ ಆ್ಯಪ್‌ನಲ್ಲಿ ಅದನ್ನೇ ಆರಿಸಬೇಕು. ಓದುವ ಸಾಲಿಗೆ ತಕ್ಕಂತೆ ಕೀ ಒತ್ತಿದರೆ ಆಯಿತು. ನಿಮ್ಮ ಪರದೆಯಲ್ಲಿ ಅಕ್ಷರ ಕನ್ನಡಿಯಂತೆ ತಿರುಗಿ ಕಂಡರೆ ಗಾಬರಿ ಬೇಡ, ಅದು ನಿಮಗಷ್ಟೇ, ಆಚೆ ಕಡೆ ನೇರವಾಗಿಯೇ ಇರುತ್ತದೆ.

ಈ ಏರ್ಪಾಟಿನಲ್ಲಿ 12 ಪಾಯಿಂಟಿನ ದನ–ಧನ, ಪಲ–ಫಲ ಬೇರೆಬೇರೆಯಾಗಿ ಓದಲು ಬಂದವು. ‘ರಾಷ್ಟ್ರ’ದ ಎರಡು ಒತ್ತುಗಳೂ ಬಿಡಿಯಾಗಿ ಕಂಡವು. 10 ಪಾಯಿಂಟಿನಲ್ಲಿ ‘ಸ್ವಾತಂತ್ರ್ಯ’ದ ಕೊನೆಯ ಎರಡು ಒತ್ತು ಇನ್ನೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ಪುಸ್ತಕಕ್ಕೆ ಟ್ರೈಪಾಡನ್ನು 24 ಸೆಂ.ಮೀ.ಗೆ ಇಳಿಸಿ, ಪುಟದ ಅಂಚು ಹೊರಗೆ ಬಿಟ್ಟು ತೋರಿಸುವುದು.

ಬಾಕಿ ಉಳಿದದ್ದು ಏಪ್ರಿಲ್–ಮೇ ಬಿಸಿಲಿನ ಪರೀಕ್ಷೆ. ಸೆನ್ಸರ್ 6ರಿಂದ 8 ಡಿಗ್ರಿ ಬಿಸಿಯಾದಂತೆಲ್ಲ ಅದರ ಕತ್ತಲ ಕರೆಂಟು, ಅಂದರೆ ಬೆಳಕು ಬೀಳದಿದ್ದರೂ ಅದರಲ್ಲಿ ಹರಿಯುವ ಕರೆಂಟು, ಇಮ್ಮಡಿಯಾಗುತ್ತದೆ. ಕೋಣೆಯೇ 40 ದಾಟಿದಾಗ ಕಡಿಮೆ ಬೆಳಕಿನ ಚಿತ್ರದಲ್ಲಿ ಚುಕ್ಕೆಗಳು ಎಷ್ಟು ಹೆಚ್ಚುತ್ತವೆ ಎಂದು ಅದೇ ಹಾಳೆ, ಅದೇ ಬಲ್ಬು, ಅದೇ 1/50ರಲ್ಲಿ ಮತ್ತೆ ತೆಗೆದು ಹೋಲಿಸಬೇಕು. ಹಾಳೆಯನ್ನು ಅದಕ್ಕಾಗಿ ಮಡಚದೆ ಎತ್ತಿಟ್ಟಿದೆ.