ಮೂರು ಬೆರಳು

ಊಟಕ್ಕೆ ಕೂತಾಗ ಆ ‘ಕಟಕ್’ ಸದ್ದು ಮೊದಲು ಕೇಳಿಸಿದ್ದು ನಮ್ಮ ಅತ್ತೆಗೆ. ‘ಏನೇ ಅದು, ಅನ್ನದಾಗೆ ಕಲ್ಲು ಬಂತಾ?’ ಅಂತ ಮೊಮ್ಮಗಳನ್ನು ಕೇಳಿದರು. ಅವಳು ‘ಇಲ್ಲಜ್ಜಿ’ ಅಂದವಳೇ ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದುಹೋದಳು. ನನಗೆ ಸಿಟ್ಟು ಬಂತು. 14 ವರ್ಷದ ಹುಡುಗಿ, ಒಂಬತ್ತನೇ ಕ್ಲಾಸು, ಕೆಲವು ತಿಂಗಳಿಂದ ತಟ್ಟೆಯ ಮುಂದೆ ಇದೇ ರಗಳೆ. ಕಡಕ್ ರೊಟ್ಟಿ ಮುಟ್ಟುತ್ತಿರಲಿಲ್ಲ. ಮೆತ್ತನೆಯ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದಳು. ದೀಪಾವಳಿಯ ಚಕ್ಕುಲಿ ಡಬ್ಬಿಯಲ್ಲೇ ಉಳಿಯಿತು. ಪೇರಲ ಹಣ್ಣು ಕಂಡರೆ ಬಿಡದವಳು ‘ಬೇಡ, ನೀನೇ ತಿನ್ನಮ್ಮ’ ಅನ್ನತೊಡಗಿದ್ದಳು. ಇದೆಲ್ಲ ವಯಸ್ಸಿನ ಹಠ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ತೆಳ್ಳಗಾಗೋ ಹುಚ್ಚು ಹಿಡಿದಿದೆ ನಿನಗೆ ಅಂತ ಬೈದೂ ಇದ್ದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ನೋವು ಅಂತ ಅವಳು ಹೇಳಲೇ ಇಲ್ಲ ಎಂದಲ್ಲ. ಹೇಳಿದ್ದಳು, ಆದರೆ ‘ಕಿವಿ ನೋವು’ ಅಂದಿದ್ದಳು. ಬೆಳಿಗ್ಗೆ ಎದ್ದಾಗ ಕಣ್ಣಂಚಿನ ಪಕ್ಕ ತಲೆ ನೋಯುತ್ತದೆ ಅಂದಿದ್ದಳು. ಕಿವಿ ಡಾಕ್ಟರಿಗೆ ತೋರಿಸಿದೆವು. ಕಿವಿ ಸ್ವಚ್ಛ ಇದೆ ಅಂದರು, ಆದರೂ ಡ್ರಾಪ್ಸ್ ಬರೆದರು. ಎರಡನೇ ಸಲವೂ ಅದೇ. ತಲೆನೋವಿಗೆ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕದ ನಂಬರ್ ಬದಲಾಯಿಸಿದೆವು. ರಾತ್ರಿ ಹಲ್ಲು ಕಡಿಯುತ್ತಾಳೆ, ಹೊಟ್ಟೆಯಲ್ಲಿ ಜಂತುಹುಳ ಇರಬೇಕು ಅಂತ ಅತ್ತೆ ಹೇಳಿದ್ದಕ್ಕೆ ಹುಳದ ಮಾತ್ರೆಯನ್ನೂ ಕೊಟ್ಟೆವು. ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ, ಕ್ಲಿಪ್ ಹಾಕಿಸಿ, ಒಂದೆರಡು ಹಲ್ಲು ಸ್ವಲ್ಪ ಉಜ್ಜಿ ಮಟ್ಟ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದರು. ದುಡ್ಡು ಹೊಂದಿಸಿಕೊಂಡು ಬರುತ್ತೇವೆ ಅಂತ ಹೇಳಿ ಎದ್ದುಬಂದಿದ್ದೆವು.

ಜನವರಿಯ ಒಂದು ಬೆಳಿಗ್ಗೆ ಬಚ್ಚಲುಮನೆಯಿಂದ ‘ಅಮ್ಮಾ’ ಅಂತ ಕೂಗಿದಳು. ಹಲ್ಲುಜ್ಜುವ ಬ್ರಶ್ ಒಳಗೆ ಹೋಗುತ್ತಿರಲಿಲ್ಲ. ಆಕಳಿಸಿದಾಗ ಏನೋ ಸಿಕ್ಕಿಕೊಂಡಂತಾಯಿತಂತೆ, ಆಮೇಲೆ ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯಲೊಲ್ಲದು. ಅರ್ಧ ಗಂಟೆ ಬಿಟ್ಟು ತಾನಾಗಿ ಕಟಕ್ ಅಂತ ಬಿಟ್ಟುಕೊಂಡಿತು. ಆ ಅರ್ಧ ಗಂಟೆ ಅವಳ ಕಣ್ಣಲ್ಲಿದ್ದ ಭಯ ನೋಡಿ ನಾನು ಶಾಲೆಗೆ ರಜೆ ಹಾಕಿ (ನಾನು ಹರಿಹರದಲ್ಲಿ ಪ್ರೈಮರಿ ಶಾಲೆ ಟೀಚರ್) ಅವಳನ್ನು ಕರೆದುಕೊಂಡು ದಾವಣಗೆರೆಯ ಬಸ್ ಹತ್ತಿದೆ. ಅಲ್ಲಿಯ ಡೆಂಟಲ್ ಕಾಲೇಜಿನಲ್ಲಿ ಬಾಯಿ ರೋಗಗಳನ್ನೇ ನೋಡುವ ಬೇರೆ ವಿಭಾಗವಿದೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರು.

ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಾಗ ಪಕ್ಕದಲ್ಲಿ ಒಬ್ಬ ಹುಡುಗ, ಅವನ ತಾಯಿ. ಜಗಳೂರು ಕಡೆಯ ಹಳ್ಳಿಯವರು. ಆಕೆ ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ ಹಿಸುಕಿ, ತುಟಿಯ ಸಂದಿನಿಂದ ಬೆರಳ ತುದಿಯಲ್ಲಿ ಒಳಗೆ ತಳ್ಳುತ್ತಿದ್ದಳು. ಒಂಬತ್ತು ವರ್ಷದವನಂತೆ, ಆರರವನಂತೆ ಕಾಣುತ್ತಿದ್ದ. ಗದ್ದ ಹಿಂದಕ್ಕೆ ಸರಿದಿತ್ತು. ಅವನ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಮೂರು ವರ್ಷದವನಿದ್ದಾಗ ಮಾಳಿಗೆಯ ಮೆಟ್ಟಿಲಿಂದ ಬಿದ್ದು ಗದ್ದ ಒಡೆದುಕೊಂಡನಂತೆ. ಹೊಲಿಗೆ ಹಾಕಿಸಿದರು, ಗಾಯ ಮಾಯಿತು, ಎಲ್ಲರೂ ಮರೆತರು. ‘ಗದ್ದಕ್ಕಲ್ಲವಾ ಪೆಟ್ಟು ಬಿದ್ದಿದ್ದು, ಕಿವಿಹತ್ರ ಮೂಳೆ ಮುರಿದೈತಿ ಅಂತ ಯಾರಿಗ್ ಗೊತ್ತಾಗ್ತದಕ್ಕ’ ಅಂದಳು. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯ ಮೂಳೆಯುದ್ದಕ್ಕೂ ಸಾಗಿ ಕಿವಿಯ ಮುಂದಿರುವ ಕೀಲಿಗೇ ಬಡಿಯುತ್ತದಂತೆ. ಹಾಗೆ ಮುರಿದದ್ದು ಗೊತ್ತಾಗದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ಕೀಲಿನ ಎರಡೂ ಮೂಳೆಗಳು ಅಂಟಿಕೊಂಡು ಒಂದಾಗಿಬಿಡುತ್ತವೆ. ದವಡೆ ಬೆಳೆಯುವುದೂ ಅಲ್ಲಿಂದಲೇ ಆದ್ದರಿಂದ ಬೆಳವಣಿಗೆಯೂ ನಿಂತುಹೋಗುತ್ತದೆ. ಅವನಿಗೆ ಆಪರೇಷನ್ ದಿನ ಗೊತ್ತು ಮಾಡಲು ಬಂದಿದ್ದರು.

ನನ್ನ ಎದೆ ಧಸಕ್ಕೆಂದಿತು. ನನ್ನ ಮಗಳೂ ಒಂದನೇ ಕ್ಲಾಸಿನಲ್ಲಿದ್ದಾಗ ಜಾರುಬಂಡೆಯಿಂದ ಬಿದ್ದಿದ್ದಳು. ಅವಳ ಗದ್ದದ ಕೆಳಗೆ ಮೂರು ಹೊಲಿಗೆಯ ಗುರುತು ಇವತ್ತಿಗೂ ಇದೆ.

ಒಳಗೆ ಹೋದ ಕೂಡಲೇ ಡಾಕ್ಟರ್ ಮೇಡಂಗೆ ಅದನ್ನೇ ಮೊದಲು ಹೇಳಿದೆ. ಅವರು ‘ಒಳ್ಳೇದಾಯ್ತು ಹೇಳಿದ್ದು’ ಅಂದು ಮಗಳ ಎದುರಿಗೆ ಸ್ಟೂಲ್ ಎಳೆದುಕೊಂಡರು. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ‘ನಿಧಾನಕ್ಕೆ ಬಾಯಿ ತೆಗಿಯಮ್ಮ’ ಅಂದರು. ನಾನೂ ಆಗಲೇ ಮೊದಲ ಬಾರಿ ಸರಿಯಾಗಿ ನೋಡಿದ್ದು. ಬಾಯಿ ನೇರವಾಗಿ ತೆರೆಯುತ್ತಿರಲಿಲ್ಲ. ಗದ್ದ ಎಡಕ್ಕೆ ವಾಲುತ್ತಿತ್ತು, ಕಟಕ್ ಅಂದ ಮೇಲೆ ಮತ್ತೆ ನಡುವಿಗೆ ಬರುತ್ತಿತ್ತು. ದಿನವೂ ಮೂರು ಹೊತ್ತು ಎದುರಿಗೆ ಕೂತು ಊಟ ಮಾಡುವ ಮಗಳ ಬಾಯಿ ಸೊಟ್ಟಗೆ ತೆರೆಯುವುದು ನನಗೆ ಕಂಡಿರಲಿಲ್ಲ.

ಸಣ್ಣ ಸ್ಕೇಲನ್ನು ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ಅಳೆದರು. ನೋವಿಲ್ಲದೆ ತೆರೆಯಲು ಆಗುತ್ತಿದ್ದದ್ದು 26 ಮಿಲಿಮೀಟರ್. ಈ ವಯಸ್ಸಿಗೆ ಹೆಚ್ಚುಕಡಿಮೆ 40 ಬರಬೇಕು. ‘ಸ್ಕೇಲ್ ಯಾಕೆ, ಅವಳದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಹೋಗುತ್ತಾ ನೋಡಿ, ಮನೇಲಿ ಅಷ್ಟು ಸಾಕು’ ಅಂದರು. ಮಗಳು ಪ್ರಯತ್ನಿಸಿದಳು. ಎರಡೇ ಹೋದವು.

ಆಮೇಲೆ ಪ್ರಶ್ನೆಗಳು. ಬೆಳಿಗ್ಗೆ ಎದ್ದಾಗ ಮಂಡಿ, ಬೆರಳು ಬಿಗಿಯುತ್ತಾ? ಎಲ್ಲಾದರೂ ಊತ ಬಂದಿತ್ತಾ? ಮಕ್ಕಳಿಗೂ ಸಂಧಿವಾತ ಬರುತ್ತದೆ, ಅದು ದವಡೆಯ ಕೀಲಿಗೆ ಬಂದರೆ ಕೆಲವೊಮ್ಮೆ ನೋವೇ ಇಲ್ಲದೆ ಒಳಗೊಳಗೇ ಕೀಲನ್ನು ಸವೆಸುತ್ತದೆ, ಅದಕ್ಕೇ ಕೇಳುತ್ತಿದ್ದೇನೆ ಅಂದರು. ಉಗುರು ಕಚ್ಚುತ್ತೀಯಾ? ಪೆನ್ನು? ಬಬಲ್ ಗಮ್? ಓದುವಾಗ ಗದ್ದಕ್ಕೆ ಕೈ ಕೊಟ್ಟು ಕೂರುತ್ತೀಯಾ? ಮಗಳು ತಲೆ ತಗ್ಗಿಸಿದಳು. ಅವಳ ಕಂಪಾಸ್ ಬಾಕ್ಸಿನಲ್ಲಿ ತುದಿ ಜಜ್ಜಿಹೋಗದ ಪೆನ್ನೇ ಇಲ್ಲ. ‘ಲೆಕ್ಕ ಮಾಡುವಾಗ ಹಲ್ಲು ಬಿಗಿಹಿಡೀತೀಯಾ?’ ಅಂತ ಕೇಳಿದಾಗ ಮಾತ್ರ ಅವಳು ನನ್ನ ಮುಖ ನೋಡಿ ‘ಗೊತ್ತಿಲ್ಲ... ಹಿಡೀತೀನಿ ಅನ್ಸತ್ತೆ’ ಅಂದಳು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅಂತ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳು ನಾನೇ.

ತಲೆಯ ಸುತ್ತ ತಿರುಗುವ ಯಂತ್ರದಲ್ಲಿ ಪೂರ್ತಿ ದವಡೆಯ ಎಕ್ಸರೇ ತೆಗೆಸಿದರು. ಆ ಹಾಳೆಯನ್ನು ಬೆಳಕಿಗೆ ಹಿಡಿದು ಅವರು ನೋಡುತ್ತಿದ್ದ ಅಷ್ಟು ಹೊತ್ತೂ ನಾನು ಮನೆದೇವರನ್ನು ನೆನೆಯುತ್ತಿದ್ದೆ. ಎರಡೂ ಕಡೆಯ ಮೂಳೆ ಸಮನಾಗಿ ಬೆಳೆದಿದೆ, ಹಳೇ ಪೆಟ್ಟಿನ ಗುರುತಿಲ್ಲ ಅಂದಾಗ ಅಲ್ಲೇ ಅತ್ತುಬಿಟ್ಟೆ.

ಅವರು ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಈ ಕೀಲು ಮೊದಲು ಬಾಗಿಲಿನ ಹಾಗೆ ತಿರುಗುತ್ತದೆ, ಬಾಯಿ ಇನ್ನೂ ದೊಡ್ಡದಾಗಿ ತೆರೆಯುವಾಗ ಟೇಬಲ್ಲಿನ ಡ್ರಾಯರ್ ಥರ ಮುಂದಕ್ಕೆ ಜಾರುತ್ತದೆ. ಎರಡು ಮೂಳೆಗಳ ನಡುವೆ ತೆಳ್ಳನೆಯ ಮೆತ್ತೆಯೊಂದಿದೆ. ಮಗಳ ಎಡಗಡೆಯದು ಸ್ವಲ್ಪ ಮುಂದಕ್ಕೆ ಸರಿದಿದೆ, ಮೂಳೆ ಅದರ ಕೆಳಗೆ ವಾಪಸು ತೂರಿಕೊಳ್ಳುವಾಗ ಬರುವ ಸದ್ದೇ ಕಟಕ್. ನೋವು ಬರುತ್ತಿರುವುದು ಹೆಚ್ಚಾಗಿ ಕೆನ್ನೆ, ತಲೆಯ ಪಕ್ಕದ ಮಾಂಸಖಂಡಗಳು ದಣಿದಿದ್ದರಿಂದ. ಕೀಲಿಗೂ ಕಿವಿಯ ಆ ಭಾಗಕ್ಕೂ ಹೋಗುವ ನರ ಒಂದೇ, ಹಾಗಾಗಿ ಹುಡುಗಿ ಕಿವಿ ನೋವು ಅಂದದ್ದು ಸುಳ್ಳಲ್ಲ. ಹದಿಹರೆಯದ ಹುಡುಗಿಯರಲ್ಲಿ ಇದು ಹುಡುಗರಿಗಿಂತ ಹೆಚ್ಚು. ಜಂತುಹುಳಕ್ಕೂ ಹಲ್ಲು ಕಡಿಯುವುದಕ್ಕೂ ನಂಟಿದೆ ಅನ್ನಲು ಗಟ್ಟಿ ಆಧಾರವಿಲ್ಲ ಅಂತಲೂ ಹೇಳಿದರು.

ಕ್ಲಿಪ್ಪಿನ ವಿಷಯ ಕೇಳಿದೆ. ‘ಹಲ್ಲು ಸೊಟ್ಟ ಇದ್ದರೆ ಅದಕ್ಕಾಗಿ ಹಾಕಿಸಿ. ಈ ನೋವು ಹೋಗಲಿ ಅಂತ ಹಾಕಿಸಬೇಡಿ. ಹಲ್ಲು ಉಜ್ಜಿ ಮಟ್ಟ ಮಾಡಿಸೋದಂತೂ ಬೇಡವೇ ಬೇಡ, ಸವೆಸಿದ್ದು ಮತ್ತೆ ಬೆಳೆಯಲ್ಲ’ ಅಂದರು. ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲೇಟನ್ನೂ ತಕ್ಷಣ ಕೊಡಲಿಲ್ಲ. ದವಡೆ ಇನ್ನೂ ಬೆಳೆಯುವ ವಯಸ್ಸು, ಬೇಕೇಬೇಕು ಅನಿಸಿದರೆ ಕೊಟ್ಟು ಆಗಾಗ ಪರೀಕ್ಷೆ ಮಾಡುತ್ತಿರಬೇಕಾಗುತ್ತದೆ, ಮೊದಲು ಇಷ್ಟು ಮಾಡೋಣ ಅಂದರು.

ಇಷ್ಟು ಅಂದರೆ: ಮೂರು ವಾರ ಮೆತ್ತನೆಯ ಊಟ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲಿನ ಶಾಖ ದಿನಕ್ಕೆರಡು ಸಲ 15 ನಿಮಿಷ, ಐದು ದಿನ ನೋವಿನ ಮಾತ್ರೆ, ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಒತ್ತಿ ತಡೆಯುವುದು. ಮತ್ತೆ ಬಾಯಿ ಸಿಕ್ಕಿಕೊಂಡು ಬಿಡದೇ ಹೋದರೆ ಕಾಯದೆ ಬರಬೇಕು. ಇದೆಲ್ಲಕ್ಕಿಂತ ನನಗೆ ಬೆಲೆಬಾಳುವುದು ಅನಿಸಿದ್ದು ಇನ್ನೊಂದು. ‘ನ ಅನ್ನು’ ಅಂದರು ಮಗಳಿಗೆ. ಅವಳು ‘ನ’ ಅಂದಳು. ‘ಈಗ ನಾಲಿಗೆ ಎಲ್ಲಿದೆಯೋ ಅಲ್ಲೇ ಇರಲಿ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗೋ ಅಗತ್ಯವೇ ಇಲ್ಲ.’ ನಾಲಿಗೆಯನ್ನು ಆ ‘ನ’ ಜಾಗದಲ್ಲೇ ಇಟ್ಟು, ಕನ್ನಡಿಯ ಮುಂದೆ ಗದ್ದ ವಾಲದಂತೆ ಬಾಯಿ ತೆರೆದು ಮುಚ್ಚುವುದನ್ನು ಆರು ಸಲ ಮಾಡಿಸಿದರು.

ಮನೆಗೆ ಬಂದು ಅವಳ ಓದುವ ಮೇಜಿನ ಮುಂದಿನ ಗೋಡೆಗೆ ದೊಡ್ಡದಾಗಿ ‘ನ’ ಅಂತ ಬರೆದು ಅಂಟಿಸಿದೆ. ಎಸ್ಸೆಸ್ಸೆಲ್ಸಿ ಮಾತು ನಿಲ್ಲಿಸಿದೆ. ಅತ್ತೆ ಮುದ್ದೆ ಶುರು ಮಾಡಿದರು. ರೊಟ್ಟಿಯಾದರೆ ಅಗಿಯಬೇಕು, ಮುದ್ದೆಯಾದರೆ ನುಂಗಿದರಾಯಿತು. ‘ನುಂಗು ಕೂಸೆ, ನಿನ್ ದವಡಿಗೆ ರಜಾ’ ಅನ್ನುತ್ತಾ ತುತ್ತು ಸಣ್ಣ ಸಣ್ಣದಾಗಿ ಮುರಿದು ಸಾರಿನಲ್ಲಿ ಹೊರಳಿಸಿ ಕೊಡುತ್ತಿದ್ದರು. ಬೆಳಗಿನ ತಲೆನೋವು ಎರಡನೇ ವಾರಕ್ಕೇ ಕಡಿಮೆಯಾಯಿತು. ಕಟಕ್ ಸದ್ದು ಹೋಗಿಲ್ಲ. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಡ ಅಂತ ಮೇಡಂ ಮೊದಲೇ ಹೇಳಿದ್ದರು.

ಎರಡು ತಿಂಗಳ ನಂತರ ತೋರಿಸಲು ಹೋದಾಗ 39 ಮಿಲಿಮೀಟರ್ ಬಂತು. ಹೊರಗೆ ಅದೇ ಬೆಂಚಿನ ಮೇಲೆ ಆ ಹುಡುಗ ಕೂತಿದ್ದ, ಆಪರೇಷನ್ ಆಗಿತ್ತು. ಅಂಟಿದ ಕೀಲನ್ನು ಬಿಡಿಸಿದರೂ ಸಾಲದು, ತಿಂಗಳುಗಟ್ಟಲೆ ದಿನವೂ ಬಾಯಿ ತೆರೆಯುವ ವ್ಯಾಯಾಮ ಮಾಡಿಸದಿದ್ದರೆ ಮತ್ತೆ ಬಿಗಿಯುತ್ತದೆ. ಅವನ ತಾಯಿ ಐಸ್ ಕ್ರೀಮ್ ಕಡ್ಡಿಗಳ ಕಟ್ಟೊಂದನ್ನು ಅವನ ಹಲ್ಲುಗಳ ನಡುವೆ ಇಟ್ಟು, ಅದರ ಮಧ್ಯಕ್ಕೆ ಮತ್ತೊಂದು ಕಡ್ಡಿ ಮೆಲ್ಲಗೆ ತೂರಿಸುತ್ತಿದ್ದಳು. ಅವನ ಕಣ್ಣಲ್ಲಿ ನೀರಿತ್ತು, ಆದರೆ ತಲೆ ಕೊಡವಲಿಲ್ಲ. ನನ್ನ ಮಗಳು ಅವನ ಎದುರು ಕೂತು ತನ್ನ ಮೂರು ಬೆರಳು ಬಾಯೊಳಗಿಟ್ಟು ತೋರಿಸಿದಳು. ಅವನು ಮಾತಾಡುವಂತಿರಲಿಲ್ಲ. ಎರಡೂ ಕೈಯ ಬೆರಳುಗಳನ್ನೆಲ್ಲ ಬಿಡಿಸಿ ತೋರಿಸಿದ, ಮಡಚಿದ, ಮತ್ತೆ ನಾಲ್ಕು ಬಿಡಿಸಿದ.

‘ಹದಿನಾಲ್ಕು ಕಡ್ಡಿ!’ ಅಂದಳು ಮಗಳು.